ನಂಬಬಹುದಾದ ಬೆಳಕು, ನಂಬಲಾಗದ ಮೀನು

ಆರ್ಕ್ಟಿಕ್ ವೃತ್ತ ದಾಟಿ ಇನ್ನೂ ಮುನ್ನೂರೈವತ್ತು ಕಿಲೊಮೀಟರ್ ಉತ್ತರಕ್ಕೆ ಹೋದರೆ ನಾರ್ವೆಯ ಟ್ರೊಮ್ಸೊ ನಗರ ಸಿಗುತ್ತದೆ. ನವೆಂಬರ್ ಕೊನೆಯ ವಾರದಲ್ಲಿ ಅಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಅರ್ಧ ಕಳೆದ ಮೇಲೆ. ಊರವರು ಬಾಗಿಲು ಹಾಕಿಕೊಂಡು ಬೆಚ್ಚಗೆ ಕೂರುವ ಈ ಕಾಲದಲ್ಲೇ ಅಲ್ಲಿನ ಬಂದರಿನಿಂದ ಹಾಯಿಹಡಗುಗಳು ಪ್ರವಾಸಿಗರನ್ನು ಹತ್ತಿಸಿಕೊಂಡು ಈಶಾನ್ಯದ ಶೆರ್ವೊಯ್ ದ್ವೀಪದತ್ತ, ಅದರಾಚೆಯ ಕ್ವೆನಾಂಗೆನ್ ಫಿಯೋರ್ಡಿನತ್ತ ಹೊರಡುತ್ತವೆ. ದಕ್ಷಿಣದಿಂದ ಏರಿ ಬರುವ ಬೆಚ್ಚನೆಯ ಸಾಗರಪ್ರವಾಹದ ದಯೆಯಿಂದ ಅಲ್ಲಿನ ಕಡಲು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ನಡುಹಗಲಿನ ಮೂರ್ನಾಲ್ಕು ಗಂಟೆಯ ನೀಲಿ ಮಬ್ಬಿನಲ್ಲಿ ತಿಮಿಂಗಿಲ, ಉಳಿದ ಕತ್ತಲಲ್ಲಿ ಧ್ರುವಪ್ರಭೆ: ಒಂದೇ ಟಿಕೆಟ್ಟಿನಲ್ಲಿ ಎರಡು ಆಟ. ಇಂಥ ಪ್ರವಾಸಗಳ ಬಗ್ಗೆ ಒಂದು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ತಿಮಿಂಗಿಲಗಳು ಪ್ರತಿವರ್ಷ ಬರುತ್ತವೆ, ಹೋದರೆ ಕಂಡೇ ಕಾಣುತ್ತವೆ. ಆಕಾಶದ ಬೆಳಕು ಮಾತ್ರ ಚಂಚಲೆ, ಅದು ಅದೃಷ್ಟದ ಮಾತು ಎಂಬುದು ಆ ತಿಳಿವಳಿಕೆ. ಇದು ತಲೆಕೆಳಗಾದ ಲೆಕ್ಕ ಎನ್ನುವುದು ಈ ಅಧ್ಯಾಯದ ವಾದ. ಎರಡರಲ್ಲಿ ಹೆಚ್ಚು ನಂಬಬಹುದಾದದ್ದು ಬೆಳಕು. ತಿಮಿಂಗಿಲ ಅಲ್ಲಿಗೆ ಬರುವುದು ಒಂದು ಮೀನಿನ ಹಿಂದೆ, ಆ ಮೀನಿನ ಹಿಂದೆ ಇರುವುದು ಒಂದು ನೆನಪು, ಆ ನೆನಪನ್ನು ಅಳಿಸಿಹಾಕುವುದು ನಾವಂದುಕೊಂಡದ್ದಕ್ಕಿಂತ ಸುಲಭ.

ಮೊದಲು ಬೆಳಕಿನ ವಿಚಾರ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೊಮೀಟರ್ ವೇಗದಲ್ಲಿ ವಿದ್ಯುದಾವಿಷ್ಟ ಕಣಗಳ ಸೌರಮಾರುತ ಸದಾ ಬೀಸುತ್ತಿರುತ್ತದೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಹಗಲಿನ ಮಗ್ಗುಲಲ್ಲಿ ಒತ್ತಿ, ರಾತ್ರಿಯ ಮಗ್ಗುಲಲ್ಲಿ ಉದ್ದನೆಯ ಬಾಲವಾಗಿ ಎಳೆಯುತ್ತದೆ. ಆ ಬಾಲದಲ್ಲಿ ಶೇಖರವಾದ ಶಕ್ತಿ ಆಗಾಗ ಬಿಡುಗಡೆಯಾದಾಗ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಕೆಳಗಿಳಿದು ನಮ್ಮ ವಾಯುಮಂಡಲಕ್ಕೆ ಬಡಿಯುತ್ತವೆ. ಎಲ್ಲೆಂದರಲ್ಲಿ ಅಲ್ಲ. ಕಾಂತೀಯ ಧ್ರುವದ ಸುತ್ತ, ಕಾಂತೀಯ ಅಕ್ಷಾಂಶ 65ರಿಂದ 70 ಡಿಗ್ರಿಗಳ ಆಸುಪಾಸಿನ ಒಂದು ಉಂಗುರದಲ್ಲಿ. ಈ ಉಂಗುರ ಹೆಚ್ಚುಕಡಿಮೆ ಸೂರ್ಯನಿಗೆ ಮುಖಮಾಡಿಕೊಂಡು ನಿಂತಿರುತ್ತದೆ. ಅದರ ಕೆಳಗೆ ತಿರುಗುವುದು ಭೂಮಿ. ಹೀಗಾಗಿ ಪ್ರತಿ ಸಂಜೆ ಟ್ರೊಮ್ಸೊ, ಶೆರ್ವೊಯ್ ಎರಡೂ ಆ ಉಂಗುರದಡಿಗೆ ತಾವಾಗಿ ಸರಿದುಬರುತ್ತವೆ. ಸೂರ್ಯನಲ್ಲಿ ದೊಡ್ಡ ಸ್ಫೋಟವೇನೂ ಆಗಬೇಕಿಲ್ಲ. ಕಾಂತಚಟುವಟಿಕೆಯನ್ನು ಸೊನ್ನೆಯಿಂದ ಒಂಬತ್ತರವರೆಗೆ ಅಳೆಯುವ ಕೆಪಿ ಸೂಚ್ಯಂಕ ಒಂದೋ ಎರಡೋ ಇದ್ದರೂ ಅಲ್ಲಿಯ ನೆತ್ತಿಯ ಮೇಲೆ ಹಸಿರು ಪಟ್ಟಿ ಏಳುತ್ತದೆ. ಇನ್ನೂ ಉತ್ತರಕ್ಕೆ ಹೋದರೆ ಇನ್ನೂ ಚೆನ್ನಾಗಿ ಕಾಣಬೇಕಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. 78 ಡಿಗ್ರಿಯಲ್ಲಿರುವ ಸ್ವಾಲ್ಬಾರ್ಡ್ ರಾತ್ರಿಯ ಹೊತ್ತು ಉಂಗುರದ ಒಳಗಿನ ಖಾಲಿ ಜಾಗದಲ್ಲಿ ಬೀಳುತ್ತದೆ. ಬಳೆಯ ನಡುವೆ ನಿಂತವನಿಗೆ ಬಳೆ ದೂರವೇ.

ಈ ಸ್ಥಿರತೆ ಇತ್ತೀಚಿನ ಉಪಗ್ರಹಗಳು ಹೇಳಿದ ಸಂಗತಿಯೇನಲ್ಲ. ಹರ್ಮನ್ ಫ್ರಿಟ್ಜ್ ಎಂಬ ವಿದ್ವಾಂಸ ಲೋಕದ ಮೂಲೆಮೂಲೆಗಳ ಹಳೆಯ ದಾಖಲೆಗಳನ್ನು ಜಾಲಾಡಿ 1881ರಲ್ಲಿ ಹೊರತಂದ ಗ್ರಂಥದಲ್ಲಿ, ಎಲ್ಲಿ ವರ್ಷಕ್ಕೆಷ್ಟು ರಾತ್ರಿ ಧ್ರುವಪ್ರಭೆ ಕಾಣುತ್ತದೆ ಎಂಬ ನಕ್ಷೆಯಿದೆ. ಅತಿ ಹೆಚ್ಚು ಕಾಣುವ ಅವನ ಗೆರೆ ನಾರ್ವೆಯ ಇದೇ ಉತ್ತರ ಕರಾವಳಿಯನ್ನು ಹಾದುಹೋಗುತ್ತದೆ. ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್ 1899ರಲ್ಲಿ ಆಲ್ಟಾ ಬಳಿಯ ಹಾಲ್ಡೆ ಬೆಟ್ಟದ ನೆತ್ತಿಯಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿ, ವೀಕ್ಷಣಾಲಯ ಕಟ್ಟಿಸಿದ್ದೂ ಆ ಜಾಗವನ್ನು ನಂಬಿಯೇ. ನಿರ್ವಾತ ಪೆಟ್ಟಿಗೆಯೊಳಗೆ ಕಾಂತೀಯ ಗೋಳವನ್ನಿಟ್ಟು, ಅದರತ್ತ ಎಲೆಕ್ಟ್ರಾನ್ ಕಿರಣ ಬಿಟ್ಟು, ಧ್ರುವಗಳ ಸುತ್ತ ಬೆಳಗುವ ಪಟ್ಟಿಯನ್ನು ಆತ ಪ್ರಯೋಗಶಾಲೆಯಲ್ಲೇ ತೋರಿಸಿದ. ಆಕಾಶದಿಂದ ವಿದ್ಯುತ್ಪ್ರವಾಹ ಇಳಿದುಬರುತ್ತದೆ ಎಂಬ ಅವನ ಮಾತನ್ನು ಅಂದಿನ ಘಟಾನುಘಟಿಗಳು ಒಪ್ಪಲಿಲ್ಲ. 1960ರ ದಶಕದ ಉಪಗ್ರಹ ಅಳತೆಗಳೇ ಅದನ್ನು ಎತ್ತಿಹಿಡಿಯಬೇಕಾಯಿತು. ಅಷ್ಟರಲ್ಲಿ ಅವನು ತೀರಿಕೊಂಡು ಅರ್ಧ ಶತಮಾನವೇ ಆಗುತ್ತ ಬಂದಿತ್ತು. 1910ರಲ್ಲಿ ಕಾರ್ಲ್ ಸ್ಟೋರ್ಮರ್ ಅದೇ ಸೀಮೆಯಲ್ಲಿ ದೂರದೂರದ ಎರಡು ನೆಲೆಗಳನ್ನು ಟೆಲಿಫೋನ್ ತಂತಿಯಿಂದ ಜೋಡಿಸಿ, ಒಂದೇ ಗಳಿಗೆಯಲ್ಲಿ ಎರಡೂ ಕಡೆಯಿಂದ ಫೋಟೊ ತೆಗೆಸಿ, ಹಿನ್ನೆಲೆಯ ನಕ್ಷತ್ರಗಳ ಲೆಕ್ಕದಿಂದ ಬೆಳಕಿನ ಎತ್ತರವನ್ನು ಕಂಡುಹಿಡಿದ. ಕೆಳಗಿನ ಅಂಚು ಸುಮಾರು 100 ಕಿಲೊಮೀಟರ್. ಇಂದಿಗೂ ಅದೇ ಅಂಕಿ.

ಆ ಅಂಚನ್ನು ತುಸು ಹತ್ತಿರದಿಂದ ನೋಡೋಣ. ನೂರರಿಂದ ನೂರೈವತ್ತು ಕಿಲೊಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣು ಕೊಡುವ ಹಸಿರು ಬೆಳಕಿನ ತರಂಗಾಂತರ 557.7 ನ್ಯಾನೊಮೀಟರ್. ಪೆಟ್ಟು ತಿಂದ ಪರಮಾಣು ಈ ಹಸಿರನ್ನು ಹೊರಚೆಲ್ಲಲು ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅದೇ ಆಮ್ಲಜನಕ 630 ನ್ಯಾನೊಮೀಟರಿನ ಕೆಂಪನ್ನು ಕೊಡಬೇಕಾದರೆ ಸುಮಾರು ಎರಡು ನಿಮಿಷ ಯಾರೂ ಮೈಮೇಲೆ ಬೀಳದಂತೆ ಇರಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟು ಬಿಡುವು ಸಿಗುವುದಿಲ್ಲ; ಅಷ್ಟರೊಳಗೆ ಇನ್ನೊಂದು ಅಣು ಬಂದು ಡಿಕ್ಕಿ ಹೊಡೆದು ಶಕ್ತಿಯನ್ನು ಕಸಿದಿರುತ್ತದೆ. ಆದ್ದರಿಂದ ಕೆಂಪು ಇರುವುದು 200 ಕಿಲೊಮೀಟರಿನಾಚೆಯ ವಿರಳ ಗಾಳಿಯಲ್ಲಿ ಮಾತ್ರ. ಕಣಗಳ ದಾಳಿ ಜೋರಾದ ರಾತ್ರಿ ಪರದೆಯ ಕೆಳಸೆರಗಿನಲ್ಲಿ ಕಾಣುವ ನಸುಗೆಂಪು, ನೇರಳೆ ಬಣ್ಣಗಳು ಸಾರಜನಕದವು. ಮಂದವಾದ ಪ್ರಭೆ ಬರಿಗಣ್ಣಿಗೆ ಬೂದುಬೂದಾಗಿ, ಮೋಡದಂತೆ ಕಂಡು, ಕ್ಯಾಮೆರಾದಲ್ಲಿ ಮಾತ್ರ ಹಸಿರಾಗುವುದುಂಟು. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಎಷ್ಟೋ ಪ್ರವಾಸಿಗರು ಧ್ರುವಪ್ರಭೆಯನ್ನು ಕಂಡೂ ಕಾಣಲಿಲ್ಲವೆಂದು ಊರಿಗೆ ಮರಳುವುದು ಹೀಗೆ.

ಇಷ್ಟಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಉತ್ತರ ಕಾಂತಧ್ರುವ ಕೆನಡಾದ ಕಡೆಯಿಂದ ಸೈಬೀರಿಯದ ಕಡೆಗೆ ಓಡುತ್ತಿದೆ, ಒಂದು ಹಂತದಲ್ಲಿ ವರ್ಷಕ್ಕೆ ಐವತ್ತು ಕಿಲೊಮೀಟರಿನಷ್ಟು ವೇಗದಲ್ಲಿ ಸಾಗಿತ್ತು, ಇನ್ನು ಉಂಗುರ ಹೇಗೆ ಸ್ಥಿರವಾಗಿದ್ದೀತು ಎಂಬುದು ಒಂದು. ಹಾಗೆ ಓಡುತ್ತಿರುವುದು ದಿಕ್ಸೂಚಿಯ ಮುಳ್ಳು ನೆಟ್ಟಗೆ ಕೆಳಮುಖವಾಗುವ ಸ್ಥಳ. ಉಂಗುರ ರೂಪುಗೊಳ್ಳುವುದು ಸಾವಿರಾರು ಕಿಲೊಮೀಟರ್ ಆಚೆಗೂ ಹಬ್ಬಿರುವ ಒಟ್ಟು ಕಾಂತಕ್ಷೇತ್ರದಿಂದ. ಅದರ ಅಕ್ಷ ಬಹಳ ನಿಧಾನವಾಗಿ ಸರಿಯುವಂಥದ್ದು. ಎರಡನೆಯದು ಸೌರಚಕ್ರದ ಮಾತು. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಚಟುವಟಿಕೆ ಏರಿ ಇಳಿಯುತ್ತದೆ. ಈಗಿನ 25ನೇ ಚಕ್ರ 2024ರ ಅಕ್ಟೋಬರಿನಲ್ಲಿ ಶಿಖರ ಮುಟ್ಟಿತು. ಇಳಿಗಾಲದಲ್ಲಿ ನಿರಾಸೆಯಾಗುವುದು ಲಂಡನ್, ಬರ್ಲಿನ್ನಿನವರಿಗೆ. ಉಂಗುರದಡಿಯಲ್ಲೇ ಇರುವವರಿಗೆ ಸೌರಮಾರುತದ ದಿನನಿತ್ಯದ ಬೀಸೇ ಸಾಕು. ಬಿರುಗಾಳಿ ಎದ್ದರೇನೇ ಲಾಭ ಎನ್ನುವುದಾದರೆ 2024ರ ಮೇ 10ರ ರಾತ್ರಿಯನ್ನು ನೆನೆಯಬಹುದು. ಎರಡು ದಶಕಗಳಲ್ಲೇ ತೀವ್ರವಾದ ಆ ಕಾಂತಬಿರುಗಾಳಿಯ ಕೆಂಬೆಳಕನ್ನು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ಸೆರೆಹಿಡಿದವು. ಟ್ರೊಮ್ಸೊದವರಿಗೆ ಆ ರಾತ್ರಿ ಅದನ್ನು ಕಾಣುವ ಯೋಗ ಇರಲಿಲ್ಲ. ಮೇ ತಿಂಗಳಲ್ಲಿ ಅಲ್ಲಿ ಕತ್ತಲೇ ಆಗುವುದಿಲ್ಲ. ಚಳಿಗಾಲ ಕೊಡುವುದು ಕತ್ತಲನ್ನು, ಅಷ್ಟೇ. ಕಾಂತಚಟುವಟಿಕೆ ನಿಜಕ್ಕೂ ಹೆಚ್ಚುವುದು ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ವಿಷುವಗಳ ಸುತ್ತಮುತ್ತ.

ಮೂರನೆಯ ಆಕ್ಷೇಪ ಮೋಡ. ಇದಕ್ಕೆ ಮಾತ್ರ ತಲೆಬಾಗಲೇಬೇಕು. ಬೆಳಕು ನೂರು ಕಿಲೊಮೀಟರ್ ಮೇಲಿದೆ, ಮೋಡ ಹತ್ತು ಕಿಲೊಮೀಟರಿನೊಳಗೆ. ನೋಡುವವನ ಪಾಲಿಗೆ ಗೆಲ್ಲುವುದು ಮೋಡವೇ. ಆದರೂ ಮೋಡದ ವರ್ತನೆಗೆ ಒಂದು ಭೂಗೋಳವಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ತೇವಗಾಳಿ ಲಿಂಗೆನ್ ಪರ್ವತಸಾಲಿಗೆ ಬಡಿದು ಅಲ್ಲೇ ಹಿಮ ಸುರಿಸುತ್ತದೆ. ಸಾಲಿನ ಅತಿ ಎತ್ತರದ ಶಿಖರ 1800 ಮೀಟರ್ ಮೀರಿದೆ. ಅದರ ಬೆನ್ನಿಗಿರುವ ಶಿಬೊಟ್ನ್ ಮಳೆನೆರಳಿನ ಜಾಗ, ಹೆಚ್ಚು ರಾತ್ರಿ ನಿರ್ಮಲ. ಮೇಲ್ವಾಯುಮಂಡಲವನ್ನು ಅಭ್ಯಸಿಸುವ ದೊಡ್ಡ ರೇಡಾರನ್ನು ಅಲ್ಲಿ ನಿಲ್ಲಿಸಿರುವುದರಿಂದ ವಿಜ್ಞಾನಿಗಳಿಗೂ ಆ ಕಣಿವೆ ಪರಿಚಿತ. ಒಂದು ಸಂಜೆಯ ಬಸ್ ಪ್ರವಾಸಕ್ಕಿಂತ ಒಂದು ವಾರದ ಹಾಯಿಯಾನ ಮೇಲಾಗುವುದು ಇಲ್ಲಿ. ಹಡಗು ಕರಾವಳಿಯ ಮೋಡ ಬಿಟ್ಟು ಫಿಯೋರ್ಡಿನ ಒಳಮೂಲೆಗೆ ಸರಿಯಬಹುದು, ಜೊತೆಗೆ ರಾತ್ರಿಗಳ ಸಂಖ್ಯೆಯೂ ಕೈಯಲ್ಲಿರುತ್ತದೆ. ಒಂದು ರಾತ್ರಿ ಬೆಳಕು ಕಾಣುವ ಸಾಧ್ಯತೆ ಮೂರರಲ್ಲಿ ಒಂದು ಎಂದಷ್ಟೇ ಇಟ್ಟುಕೊಂಡರೂ, ಐದು ರಾತ್ರಿಗಳಲ್ಲಿ ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇಕಡಾ 87ಕ್ಕೆ ಏರುತ್ತದೆ. ಮೋಡ ಬಂದರೆ ಸಾಲುಸಾಲು ದಿನ ಕೂರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕೆಳಗಿರುತ್ತದೆ, ಒಪ್ಪುವ ಮಾತು. ಆದರೆ ಇದು ಹವಾಮಾನದ ಅನಿಶ್ಚಿತತೆ. ಮೋಡದ ಮೇಲೆ ಬೆಳಕು ಇದ್ದೇ ಇರುತ್ತದೆ, ಮುಂದಿನ ವರ್ಷವೂ, ಐವತ್ತು ವರ್ಷದ ಮೇಲೂ. ತಿಮಿಂಗಿಲದ ವಿಷಯದಲ್ಲಿ ಇಂಥ ಮಾತನ್ನು ಐದು ವರ್ಷದ ಮಟ್ಟಿಗೆ ಹೇಳುವುದೂ ಕಷ್ಟ.

ಶೆರ್ವೊಯ್ ಸುತ್ತ ಸೇರುವ ಓರ್ಕಾ ಮತ್ತು ಹಂಪ್‌ಬ್ಯಾಕ್ ತಿಮಿಂಗಿಲಗಳಿಗೆ ಆ ಫಿಯೋರ್ಡಿನ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಅವು ಬರುವುದು ಹೆರಿಂಗ್ ಮೀನಿಗೆ. ನಮ್ಮ ಕರಾವಳಿಯ ಬೂತಾಯಿಯ ನೆಂಟನಾದ, ಕೊಬ್ಬು ತುಂಬಿದ ಬೆಳ್ಳಿಬಣ್ಣದ ಮೀನು ಅದು. ಬೇಸಿಗೆಯಿಡೀ ನಾರ್ವೆ ಸಮುದ್ರದಲ್ಲಿ ತಿಂದು ಕೊಬ್ಬಿದ ಹೆರಿಂಗ್, ಶರತ್ಕಾಲ ಮುಗಿಯುವಾಗ ತಿನ್ನುವುದನ್ನೇ ನಿಲ್ಲಿಸಿ, ಒತ್ತೊತ್ತಾಗಿ ಗುಂಪುಕಟ್ಟಿ ತಣ್ಣನೆಯ ಆಳಕ್ಕಿಳಿಯುತ್ತದೆ. ಫೆಬ್ರುವರಿಯ ಮೊಟ್ಟೆಯಿಡುವ ಕಾಲದವರೆಗೆ ಕೊಬ್ಬಿನ ಉಳಿತಾಯದಲ್ಲೇ ಜೀವನ. ಆಳದಲ್ಲೇ ಇದ್ದುಬಿಟ್ಟರೆ ತಿಮಿಂಗಿಲಕ್ಕೆ ಇದರ ಬೇಟೆ ತ್ರಾಸದಾಯಕ. ಆದರೆ ಹೆರಿಂಗ್‌ಗೆ ಒಂದು ಕೊರತೆಯಿದೆ: ಅದರ ಈಜುಚೀಲ ತನ್ನಷ್ಟಕ್ಕೆ ಅನಿಲ ತುಂಬಿಕೊಳ್ಳಲಾರದು. ಮೇಲಕ್ಕೆ ಬಂದು ಬಾಯಿಂದ ಗಾಳಿ ನುಂಗಿಯೇ ಚೀಲ ತುಂಬಿಸಿಕೊಳ್ಳಬೇಕು. ಆಳಕ್ಕಿಳಿದಾಗ ಚೀಲ ಒತ್ತಡಕ್ಕೆ ಕುಗ್ಗಿ ಮೀನು ಭಾರವಾಗುತ್ತದೆ, ಮುಳುಗದಿರಲು ತಲೆ ಮೇಲೆ ಮಾಡಿಕೊಂಡು ಈಜುತ್ತಲೇ ಇರಬೇಕಾಗುತ್ತದೆ. ಕತ್ತಲಾದ ಮೇಲೆ ಗುಂಪುಗಳು ಮೇಲ್ಪದರಕ್ಕೆ ಏರಿಬರುವುದಕ್ಕೆ ಇದೂ ಒಂದು ಕಾರಣ.

ಆಗ ನಡೆಯುವ ಬೇಟೆ ಬೇರೆ ಕಡೆ ಕಾಣಸಿಗುವುದು ಅಪರೂಪ. ಓರ್ಕಾಗಳು ದೊಡ್ಡ ಗುಂಪಿನಿಂದ ಒಂದು ತುಂಡನ್ನು ಬೇರ್ಪಡಿಸಿ ಮೇಲಕ್ಕೆ ಅಟ್ಟುತ್ತವೆ. ಸುತ್ತ ಸುತ್ತುತ್ತ, ನೀರ್ಗುಳ್ಳೆ ಬಿಡುತ್ತ, ಬಿಳಿಹೊಟ್ಟೆಯನ್ನು ಮೀನಿನತ್ತ ಹೊರಳಿಸಿ ಬೆದರಿಸುತ್ತ ಅದನ್ನು ಒಂದು ಗಟ್ಟಿ ಚೆಂಡಾಗಿಸುತ್ತವೆ. ಆಮೇಲೆ ಒಂದೊಂದೇ ಓರ್ಕಾ ಒಳನುಗ್ಗಿ, ಮೈ ತಿರುಗಿಸಿ, ಬಾಲದಿಂದ ಚೆಂಡಿನ ಅಂಚಿಗೆ ಬಾರಿಸುತ್ತದೆ. ಬಾಯಿ ತೆರೆದು ನುಗ್ಗುವುದಿಲ್ಲ. ಬಾಲದೇಟಿಗೆ ಮೂರ್ಛೆಹೋಗಿ ತೇಲುವ ಮೀನುಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತದೆ. 1990ರ ದಶಕದ ಆರಂಭದಲ್ಲಿ ಟಿಯು ಸಿಮಿಲಾ ಮತ್ತು ಫರ್ನಾಂಡೊ ಉಗಾರ್ಟೆ ಎಂಬ ಸಂಶೋಧಕರು ನೀರಿನಡಿಯ ಕ್ಯಾಮೆರಾ ಇಟ್ಟು ಇದನ್ನು ದಾಖಲಿಸುವ ತನಕ ಮೇಲಿನಿಂದ ನೋಡಿದವರಿಗೆ ಕಂಡದ್ದು ಕುದಿಯುವ ನೀರು ಮಾತ್ರ. ಇಷ್ಟು ನಾಜೂಕಿನ ಕೆಲಸ ನಡೆಯುತ್ತಿರುವಾಗ ಮೂವತ್ತು ಟನ್ ತೂಗುವ ಹಂಪ್‌ಬ್ಯಾಕ್ ಕೆಳಗಿನಿಂದ ಬಾಯಿ ತೆರೆದುಕೊಂಡು ಎದ್ದು ಇಡೀ ಚೆಂಡನ್ನೇ ನುಂಗಿಬಿಡುವುದುಂಟು. ಉಳಿಯುವುದು ನೀರಲ್ಲಿ ತೇಲುವ ಹುರುಪೆಗಳು. ಕೆರಿಬಿಯನ್ ಸಮುದ್ರದ ಸಂತಾನನೆಲೆಗೆ ಹೋಗಬೇಕಾದ ದಾರಿಯಲ್ಲಿ ಈ ಹಂಪ್‌ಬ್ಯಾಕ್‌ಗಳು ಇಲ್ಲಿ ತಂಗಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ ಎಂಬುದು ಬಾಲದಡಿಯ ಗುರುತುಗಳ ಫೋಟೊ ಹೋಲಿಕೆಯಿಂದ ತಿಳಿದಿದೆ.

ಈಗ ಮೀನಿನ ಇತಿಹಾಸ ನೋಡಿದರೆ ವಾದದ ಹುರುಳು ಕಾಣುತ್ತದೆ. 1950ರ ದಶಕದಲ್ಲಿ ಈ ಹೆರಿಂಗ್ ಚಳಿಗಾಲ ಕಳೆಯುತ್ತಿದ್ದುದು ಫಿಯೋರ್ಡುಗಳಲ್ಲಲ್ಲ, ಐಸ್‌ಲೆಂಡಿನ ಪೂರ್ವದ ತೆರೆದ ಕಡಲಿನಲ್ಲಿ. ಆಗ ಅದರ ಒಟ್ಟು ತೂಕ ಒಂದು ಕೋಟಿ ಟನ್ನಿಗೂ ಮೀರಿತ್ತು. ಸೋನಾರ್ ಬಂತು, ಬಲೆಯೆಳೆಯುವ ಯಂತ್ರರಾಟೆ ಬಂತು. ನಮ್ಮಲ್ಲಿ ಪರ್ಸೀನ್ ಎನ್ನುವ ಸುತ್ತುಬಲೆಗೆ ರಾಕ್ಷಸಬಲ ಬಂತು. 1960ರ ದಶಕ ಮುಗಿಯುವಷ್ಟರಲ್ಲಿ ಮೀನು ಹೆಸರಿಗಷ್ಟೇ ಉಳಿಯಿತು. (ಆ ಕಾಲದಲ್ಲೇ ನಾರ್ವೆ ನಮಗೆ ಯಾಂತ್ರಿಕ ಮೀನುಗಾರಿಕೆ ಕಲಿಸುತ್ತಿತ್ತು; ಕೇರಳದಲ್ಲಿ ಶುರುವಾದ ಇಂಡೊ-ನಾರ್ವೇಜಿಯನ್ ಯೋಜನೆ ಕಾರವಾರಕ್ಕೂ ಬಂದಿತ್ತು.) ಅಳಿದುಳಿದವು ನಾರ್ವೆಯ ಕರಾವಳಿಗೆ ಅಂಟಿಕೊಂಡವು. ಹೆರಿಂಗ್ ಕಡಿಮೆಯಾದದ್ದಕ್ಕೆ ಓರ್ಕಾವನ್ನೂ ಕಟಕಟೆಗೆ ಹತ್ತಿಸಿ, 1980ರ ದಶಕದ ಆರಂಭದವರೆಗೂ ಅವನ್ನು ಕೊಲ್ಲುತ್ತಿದ್ದರು. ಮೀನುಗಾರಿಕೆಗೆ ಕಡಿವಾಣ ಬಿದ್ದು, 1983ರಲ್ಲಿ ಹುಟ್ಟಿದ ಮರಿಗಳ ಪೀಳಿಗೆ ಬೃಹತ್ತಾಗಿ ಬದುಕುಳಿದು ದೊಡ್ಡದಾದಾಗ, ಅವು ಹಳೆಯ ಐಸ್‌ಲೆಂಡ್ ನೆಲೆಗೆ ಹೋಗಲೇ ಇಲ್ಲ. ವೆಸ್ಟ್‌ಫಿಯೋರ್ಡ್, ಟಿಸ್‌ಫಿಯೋರ್ಡ್‌ಗಳಿಗೆ ನುಗ್ಗಿದವು. ಓರ್ಕಾಗಳೂ ಹಿಂದೆಯೇ ಬಂದವು. 1990ರ ದಶಕದಲ್ಲಿ ಟಿಸ್‌ಫಿಯೋರ್ಡ್ ಓರ್ಕಾ ಪ್ರವಾಸೋದ್ಯಮದ ರಾಜಧಾನಿಯಾಯಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಮತ್ತೊಂದು ಹೊಸ ಪೀಳಿಗೆ ವೆಸ್ಟರೋಲೆನ್ ದ್ವೀಪಗಳ ಹೊರಗಿನ ತೆರೆದ ಕಡಲನ್ನು ಆರಿಸಿಕೊಂಡಿತು. ಟಿಸ್‌ಫಿಯೋರ್ಡಿನ ಬೋಟುಗಳಿಗೆ ಕೆಲಸವಿಲ್ಲದಾಯಿತು. ಅದಾದ ಮೇಲೆ ಸೆನ್ಯಾ ಮತ್ತು ಟ್ರೊಮ್ಸೊ ಪಕ್ಕದ ಫಿಯೋರ್ಡುಗಳು, 2017ರ ಸುಮಾರಿಗೆ ಕ್ವೆನಾಂಗೆನ್. ಟಿಸ್‌ಫಿಯೋರ್ಡಿನಿಂದ ಶೆರ್ವೊಯ್‌ಗೆ ನೇರ ಗೆರೆಯಲ್ಲೇ ಸುಮಾರು 280 ಕಿಲೊಮೀಟರ್. ಮೂವತ್ತು ವರ್ಷದಲ್ಲಿ ತಿಮಿಂಗಿಲದ ರಾಜಧಾನಿ ಮೂರು ನಾಲ್ಕು ಬಾರಿ ಬದಲಾಗಿದೆ. ಅಷ್ಟೂ ಕಾಲ ಧ್ರುವಪ್ರಭೆಯ ಉಂಗುರ ಫ್ರಿಟ್ಜ್ ಗೆರೆ ಎಳೆದಲ್ಲೇ ಇತ್ತು.

ಮೀನು ಹೀಗೆ ನೆಲೆ ಬದಲಿಸುವುದೇಕೆ? ಕಡಲು ಬಿಸಿಯಾಗುತ್ತಿದೆ, ಆದ್ದರಿಂದ ಉತ್ತರಕ್ಕೆ ಹೋಗುತ್ತಿದೆ ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಸಾಲದು. ಉಷ್ಣತೆ ನಿಧಾನವಾಗಿ ಏರುತ್ತದೆ. ಹೆರಿಂಗ್ ನೆಲೆ ಬದಲಿಸುವುದು ದಿಢೀರನೆ, ಅದೂ ದೊಡ್ಡ ಹೊಸ ಪೀಳಿಗೆಯೊಂದು ಗುಂಪಿಗೆ ಸೇರುವ ಹೊತ್ತಿಗೆ. ಕಿರಿಯ ಮೀನು ಹಿರಿಯ ಮೀನುಗಳ ಜೊತೆ ಈಜಿ ದಾರಿ ಕಲಿಯುತ್ತದೆ. ಹಿರಿಯರ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಕಲಿಸುವವರೇ ಇರುವುದಿಲ್ಲ. ಹೊಸಬರು ತಮಗೆ ತೋಚಿದ ಕಡೆ ಹೋಗುತ್ತಾರೆ, ಅದೇ ಮುಂದಿನವರಿಗೆ ಸಂಪ್ರದಾಯವಾಗುತ್ತದೆ. ಬರ್ಗನ್‌ನ ಸಾಗರ ಸಂಶೋಧನಾ ಸಂಸ್ಥೆಯ ಅರಿಲ್ ಸ್ಲೊಟ್ಟೆ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ಸಿಕ್ಕ ಬಲವಾದ ಸಾಕ್ಷ್ಯ. 2016ರಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಪ್ರಾಯಕ್ಕೆ ಬರುವಾಗ ಹಿರಿಯ ಹೆರಿಂಗ್‌ಗಳನ್ನೇ ಹೆಚ್ಚಾಗಿ ಹಿಡಿದಾಗಿತ್ತು. ಪರಿಣಾಮವಾಗಿ ಮುಖ್ಯ ಮೊಟ್ಟೆನೆಲೆ ಮೋರೆ ಪ್ರದೇಶದಿಂದ ಲೊಫೋಟೆನ್ ಕಡೆಗೆ ಸುಮಾರು 800 ಕಿಲೊಮೀಟರ್ ಉತ್ತರಕ್ಕೆ ಜಿಗಿಯಿತು. ಮೀನುಗಾರಿಕೆಯ ನಿಯಮಗಳು ಸಾಮಾನ್ಯವಾಗಿ ಟನ್ನುಗಳನ್ನು ಎಣಿಸುತ್ತವೆ, ವಯಸ್ಸನ್ನಲ್ಲ. ಹತ್ತು ಲಕ್ಷ ಟನ್ ಎಳೆಯ ಮೀನಿನಲ್ಲಿ ಹತ್ತು ಲಕ್ಷ ಟನ್ ಮಿಶ್ರವಯಸ್ಸಿನ ಮೀನಿನಷ್ಟು ತಿಳಿವಳಿಕೆ ಇರುವುದಿಲ್ಲ ಎನ್ನುವುದು ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ.

ತಿಮಿಂಗಿಲ ಜಾಣಪ್ರಾಣಿ, ಹೆರಿಂಗ್ ಹೋದರೆ ಬೇರೇನಾದರೂ ತಿಂದುಕೊಂಡು ಅಲ್ಲೇ ಇರಬಾರದೇಕೆ ಎಂದು ಕೇಳಬಹುದು. ನಾರ್ವೆಯ ಕೆಲವು ಓರ್ಕಾ ಕುಟುಂಬಗಳು ಸೀಲ್‌ಗಳನ್ನೂ ಬೇಟೆಯಾಡುತ್ತವೆ ಎಂಬುದನ್ನು ಈವ್ ಜೂರ್ಡೆನ್ ಮತ್ತಿತರ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆದರೆ ಸೀಲ್ ಬೇಟೆ ನಾಲ್ಕಾರು ಪ್ರಾಣಿಗಳ ಗುಟ್ಟಿನ ಕೆಲಸ. ನೂರಾರು ತಿಮಿಂಗಿಲಗಳನ್ನು ಒಂದೇ ಫಿಯೋರ್ಡಿಗೆ ಎಳೆಯುವ ತಾಕತ್ತು ಹೆರಿಂಗ್‌ಗೆ ಮಾತ್ರ. ಉಪಗ್ರಹ ಟ್ಯಾಗ್ ಹಾಕಿದ ಓರ್ಕಾಗಳು ಹೆರಿಂಗ್ ಹಿಡಿಯುವ ಹಡಗುಗಳತ್ತ ದೂರದಿಂದ ತಿರುಗಿ ಬರುವುದೂ ದಾಖಲಾಗಿದೆ; ಬಲೆ ಎಳೆಯುವ ಸದ್ದು ಅವಕ್ಕೆ ಊಟದ ಕರೆ. ಅಂದರೆ ತಿಮಿಂಗಿಲದ ಜಾಣತನ ಅದನ್ನು ಮೀನಿನ ಬೆನ್ನಿಗೆ ಇನ್ನಷ್ಟು ಬಿಗಿಯಾಗಿ ಕಟ್ಟಿದೆ. ಅದರ ನಿಷ್ಠೆ ಜಾಗಕ್ಕಲ್ಲ, ಊಟಕ್ಕೆ.

ಹಾಯಿಯ ವಿಷಯಕ್ಕೆ ಬಂದರೆ, ಅದು ಪರಿಸರಸ್ನೇಹಿ ಎಂಬ ಹೊಗಳಿಕೆಯನ್ನು ಅಳತೆಯಿಟ್ಟು ಒಪ್ಪಬೇಕು. ಎಂಜಿನ್ ನಿಂತ ಹಡಗು ನೀರಿನಡಿಯಲ್ಲಿ ಬಹುಮಟ್ಟಿಗೆ ಮೌನಿ; ಸದ್ದಿನಿಂದಲೇ ಬೇಟೆಯಾಡುವ ಪ್ರಾಣಿಗೆ ಅದು ದೊಡ್ಡ ಉಪಕಾರ. ಆದರೆ ಕಡಿದಾದ ಗೋಡೆಗಳ ಫಿಯೋರ್ಡಿನಲ್ಲಿ ಗಾಳಿ ಒಂದೋ ಇರುವುದಿಲ್ಲ, ಇಲ್ಲವೇ ಪರ್ವತದಿಂದ ಒಮ್ಮೆಲೇ ಬಿದ್ದು ಹಡಗನ್ನು ವಾಲಿಸುತ್ತದೆ. ಹೆಚ್ಚಿನ ಹಾಯಿಹಡಗುಗಳು ಅಲ್ಲಿ ದಿನದ ಬಹುಪಾಲು ಎಂಜಿನ್ನಿನಲ್ಲೇ ಸಾಗುತ್ತವೆ. ಬ್ಯಾಟರಿಯಲ್ಲಿ ನಡೆಯುವ ಹೊಸ ಹಡಗುಗಳು ಈ ಮಟ್ಟಿಗೆ ಮೇಲು. ವೇಗವಿಲ್ಲದ್ದು ಇನ್ನೊಂದು ಮಿತಿ. ಗಂಟೆಗೆ ಹನ್ನೊಂದು ಹನ್ನೆರಡು ಕಿಲೊಮೀಟರ್ ಹೋಗುವ ಹಡಗು ಮೋಡವನ್ನು ತಪ್ಪಿಸಿಕೊಂಡೀತು, ಏಕೆಂದರೆ ಮೋಡವೇ ಸರಿದು ಹೋಗುತ್ತದೆ. ತೆರೆದ ಕಡಲಿಗೆ ಹೊರಟುಹೋದ ಹೆರಿಂಗ್ ಗುಂಪನ್ನು ಅದು ಚಳಿಗಾಲದ ಅಲೆಗಳಲ್ಲಿ ಬೆನ್ನಟ್ಟಲಾರದು.

ಆದ್ದರಿಂದ ಇಂಥ ಯಾತ್ರೆಗೆ ಹಣ ಕೂಡಿಡುತ್ತಿರುವ ಓದುಗರು ಕೆಪಿ ಸೂಚ್ಯಂಕದ ಆ್ಯಪ್ ನೋಡುತ್ತ ಕೂರುವ ಅಗತ್ಯವಿಲ್ಲ. ಬೆಳಕಿಗಾದರೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗಿನ ಯಾವ ಕತ್ತಲ ವಾರವಾದರೂ ಆದೀತು. ಮುಂಗಡ ಕಟ್ಟುವ ಮೊದಲು ಬೇಕಾದದ್ದು ಬೇರೆ ವಿಚಾರಣೆ: ಹೆರಿಂಗ್ ಕಳೆದ ಚಳಿಗಾಲದಲ್ಲಿ ಎಲ್ಲಿ ತಂಗಿತ್ತು, ಈ ಶರತ್ಕಾಲದಲ್ಲಿ ಮೀನುಗಾರರ ಹಡಗುಗಳು ಯಾವ ಫಿಯೋರ್ಡಿನ ಬಾಯಲ್ಲಿ ಸೇರುತ್ತಿವೆ, ನೀವು ಹತ್ತುವ ಹಡಗು ಅಲ್ಲಿಂದ ಎಷ್ಟು ದೂರ. ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದೆ ತಿಮಿಂಗಿಲ ತೋರಿಸುವ ಭರವಸೆಯನ್ನಷ್ಟೇ ಕೊಡುವವರ ಟಿಕೆಟ್ ಕೊಳ್ಳಬೇಡಿ.